ಹದಿನಾರನೇ ನಂಬರಿನ ಅಂಗಿ

ಪ್ಯಾರಿಸ್ಸಿನಲ್ಲಿ ಕೊರಾಲಿ ದುಫೋ ರಸ್ತೆಗಿಳಿದರೆ ಸಾಕು, ಜನ ಮೊಬೈಲು ಹಿಡಿದು ಮುತ್ತಿಕೊಳ್ಳುತ್ತಿದ್ದರು. ಫ್ರಾನ್ಸಿನ ಹೆಂಗಸರ ರಗ್ಬಿ ತಂಡದಲ್ಲಿ ವರ್ಷಗಟ್ಟಲೆ ಎರಡನೇ ನಂಬರಿನ ಅಂಗಿ ಅವಳದೇ. ಮೂಗು ಮುರಿದುಕೊಂಡೂ ನಗುವ ಆ ಮುಖ ಮೊಸರಿನ ಡಬ್ಬಿಯ ಮೇಲೂ ಬಂದಿತ್ತು. ಈಗ ದೇಶದ ತಂಡಕ್ಕೆ ಕೈಮುಗಿದಾಗಿದೆ. ಮಂಗಳವಾರ ಮಂಡಿಗೆ ಆಪರೇಷನ್ನು, ಆಮೇಲೆ ಆಟವೇ ಇಲ್ಲ. ಅಷ್ಟರೊಳಗೆ ಒಂದೇ ಒಂದು ಸಲ ಹುಟ್ಟೂರಿನ ಕೆಸರಿನಲ್ಲಿ ಹೊರಳಬೇಕು ಅನ್ನೋದೊಂದೇ ಅವಳ ಆಸೆ.

ಅವಳ ಹುಟ್ಟೂರಿರುವ ಗೆರ್ಸ್ ಸೀಮೆಯಲ್ಲಿ ದೊಡ್ಡ ಮ್ಯಾಚಿದ್ದರೆ ಹಳೇ ಆಟಗಾರರೊಬ್ಬರನ್ನು ಕರೆಸಿ, ಅವರ ಕೈಯಿಂದಲೇ ಅಂಗಿ ಹಂಚಿಸುತ್ತಾರೆ. ಹಂಚಿದವರು ಆಡುವುದಿಲ್ಲ. ಈ ಸಲ ಹಂಚಲು ಕರೆಸಿದ್ದು ಕೊರಾಲಿಯನ್ನು. ಅವಳಿಗೆ ಈ ಪದ್ಧತಿ ಗೊತ್ತಿಲ್ಲದ್ದೇನಲ್ಲ. ಆದರೂ ಚೀಲದಲ್ಲಿ ಬೂಟು ಹಾಕಿಕೊಂಡೇ ಬಂದಳು.

ಕೋಚ್ ಎರ್ವೆಯ ಕಣ್ಣು ಮೊದಲು ಬಿದ್ದದ್ದೇ ಆ ಚೀಲದ ಮೇಲೆ. "ಪದ್ಧತಿ ಮನೆ ಹಾಳಾಗ್ಲಿ ಕಣೇ. ಆಡೋರ ಪಟ್ಟೀಲಿ ನಿನ್ನ ಹೆಸರೂ ಸೇರಿಸಿದ್ದೀನಿ. ಎರಡು ನೀನು ಹಾಕ್ಕೋ, ಬದಲಿಯವಳ ಹದಿನಾರು ಆ ಅನೈಸ್‌ಗೆ ಕೊಡು, ಅವಳು ಬೆಂಚಲ್ಲಿ ಕೂತ್ಕೊಳ್ಲಿ. ಜನ ಬಂದಿರೋದು ನಿನ್ನ ನೋಡೋಕೆ."

ಕೊರಾಲಿಯ ಎದೆ ಹಕ್ಕಿಯಷ್ಟು ಹಗುರವಾಯಿತು.

ಒಳಗೆ ಹುಡುಗಿಯರು ಗೋಡೆಗೊರಗಿ ನಿಂತಿದ್ದರು. ಒಂದನೇ ಅಂಗಿ ಕೊಟ್ಟಾಯಿತು. "ಎರಡು" ಎಂದು ಕೊರಾಲಿ ಬಾಯಿ ತೆರೆದದ್ದೇ ತಡ, ಬೇಕರಿ ಕೆಲಸದ ಅನೈಸ್ ಮುಂದೆ ಬಂದುಬಿಟ್ಟಳು. ತಳ್ಳಾಟದಲ್ಲಿ ಕಿವಿ ಹರಿಯದಂತೆ ಪಟ್ಟಿ ಸುತ್ತಿಕೊಂಡು ಸಿದ್ಧವಾಗಿದ್ದಳು. ಕೈ ಚಾಚಿಯೇಬಿಟ್ಟಳು. ಥೂ, ಒಂದು ಗಳಿಗೆ ತಡೆಯಬಾರದಿತ್ತೇ ಈ ಹುಡುಗಿ!

"ಅಕ್ಕಾ, ನಾನೇ ಅಲ್ವಾ?"

"ಇನ್ಯಾರೇ? ಹಿಡ್ಕೋ."

ಎರ್ವೆ ಕಣ್ಣು ಕೆಕ್ಕರಿಸಿದ. ಕೊರಾಲಿ ಹದಿನಾರು ತೊಟ್ಟು ಬೆಂಚಿನಲ್ಲಿ ಕೂತಳು. ಹೊಸಬಳು, ಅರ್ಧ ಆಟಕ್ಕೇ ಸುಸ್ತಾಗುತ್ತಾಳೆ, ಆಗ ತಾನು ಇಳಿದರಾಯಿತು ಎಂದು ಲೆಕ್ಕ ಹಾಕಿದಳು.

ಅನೈಸ್ ಸುಸ್ತಾಗಲಿಲ್ಲ. ಬಿದ್ದಳು, ಎದ್ದಳು, ಮೈಗೆ ಜೋತುಬಿದ್ದ ಎದುರಿನ ಮೂರಾಳನ್ನು ಎಳೆದುಕೊಂಡೇ ಅಂಕದ ಗೆರೆ ದಾಟಿದಳು. ಕೊನೆಯ ಹೊತ್ತಿಗೆ ಜನ "ಕೊರಾಲಿ! ಕೊರಾಲಿ!" ಎಂದು ಮೈದಾನದ ಬೇಲಿಯ ಹಲಗೆ ಬಡಿಯತೊಡಗಿದರು.

"ಇಳೀತೀಯಾ? ಈಗ್ಲೇ ಹೇಳು," ಎಂದ ಎರ್ವೆ.

ಕೊರಾಲಿ ಎದ್ದು ನಿಂತಳು. ಮೈದಾನದಿಂದ ಅನೈಸ್ ಇತ್ತ ನೋಡಿದಳು. ತುಟಿ ಒಡೆದಿತ್ತು. ಬೇಡ ಅಂತ ಬಾಯಿಬಿಟ್ಟು ಹೇಳಲಿಲ್ಲ, ಆದರೆ ಅಂಗಿಯನ್ನು ಮುಷ್ಟಿಯಲ್ಲಿ ಬಿಗಿಯಾಗಿ ಹಿಡಿದುಕೊಂಡಿದ್ದಳು.

"ಇರ್ಲಿ ಬಿಡು," ಎಂದು ಕೊರಾಲಿ ಕೂತುಬಿಟ್ಟಳು. ಕೊನೆಯ ಸೀಟಿ ಊದಿದಾಗ ಗೆದ್ದ ಖುಷಿಗೆ ಎಲ್ಲರೂ ಕುಣಿದರು, ಅವಳಿಗೆ ಮಾತ್ರ ಅಳು ತಡೆಯಲಾಗಲಿಲ್ಲ.

ಆಮೇಲೆ ಎರಡೂ ತಂಡದವರು ಒಂದೇ ಮೇಜಿಗೆ ಬಾತುಕೋಳಿ ಸಾರು ಉಣ್ಣಲು ಕೂತರು. ಕ್ಲಬ್ಬಿನ ಬಟ್ಟೆ ಒಗೆಯುವ ಮುದುಕಿ ಜೊಸೆಟ್ ಬುಟ್ಟಿ ಹಿಡಿದು ಬಂದಳು. ಕೊರಾಲಿಯ ಅಂಗಿಯನ್ನು ತಿರುಗಿಸಿ ಮುರುಗಿಸಿ ನೋಡಿದಳು.

"ಇದಕ್ಕೇನಾಗಿದೆ ಮಗಳೇ, ಒಂದು ಕಲೇನೂ ಇಲ್ಲ. ಹಾಗೇ ಮಡಚಿಡ್ತೀನಿ."

"ಮಡಚಬೇಡಿ ಜೊಸೆಟಮ್ಮ," ಎಂದಳು ಕೊರಾಲಿ. "ಕೆಸರಾಗಿರೋವುಗಳ ಜೊತೇಲೇ ಹಾಕಿ."