ಅಕ್ಕ ಮೈ ತುಂಬಿಕೊಂಡಾಗ

ಇಂದ್ರಾಣಿ ಅಕ್ಕನ ಮಣಿಕಟ್ಟಿನಲ್ಲಿ ಬಳೆ ನಿಂತ ದಿನ ಅವ್ವ ಸೆರಗನ್ನು ಬಾಯಿಗೊತ್ತಿಕೊಂಡು ಅತ್ತಳು. ಅದಕ್ಕೆ ಮೊದಲು, ಸ್ತನದ ಕ್ಯಾನ್ಸರಿಗೆ ಚಿಕಿತ್ಸೆ ನಡೆದಷ್ಟು ಕಾಲವೂ, ಅಕ್ಕ ಕೈ ಇಳಿಬಿಟ್ಟರೆ ಸಾಕು, ಹಸಿರು ಬಳೆಗಳು ಜಾರಿ ನೆಲಕ್ಕೆ ಬೀಳುತ್ತಿದ್ದವು. ನಾನು ಎತ್ತಿ ಕೊಡುತ್ತಿದ್ದೆ. "ನಂಗಿನ್ನು ತೊಟ್ಟಿಲ ಮಕ್ಳ ಬಳೆನೇ ತಂದ್ಬುಡಿ" ಎಂದು ಅಕ್ಕ ನಗುತ್ತಿದ್ದಳು.

ಕೆಂಪು ಬಣ್ಣದ ಆ ಔಷಧಿ ನರಕ್ಕೆ ಇಳಿದಾಗಲೆಲ್ಲ ಅವಳ ನಾಲಿಗೆ ಸತ್ತುಹೋಗುತ್ತಿತ್ತು. ಅನ್ನ ಸೇರದು, ಹಾಲು ಸೇರದು. ಉಪ್ಪಿನಕಾಯಿ ಇದ್ದರೆ ಮಾತ್ರ ನಾಲ್ಕು ತುತ್ತು ಇಳಿಯುತ್ತಿತ್ತು. ಅವ್ವ ಬಿಡುವಳೇ? ಮಾವಿನ ಮಿಡಿ, ಹೇರಳೆಕಾಯಿ, ಬಾಳಕದ ಮೆಣಸಿನಕಾಯಿ ಎಂದು ಜಾಡಿ ಮೇಲೆ ಜಾಡಿ ತುಂಬಿಟ್ಟಳು. "ಮಗಳನ್ನೇ ಉಪ್ಪಲ್ಲಿ ಹಾಕಿಡ್ತೀಯಾ?" ಎಂದು ನಾನು ರೇಗಿಸಿದರೆ, "ತಿನ್ನೋಳು ತಿನ್ಲಿ ಬುಡು, ನಿನ್ ಗಂಟೇನು ಹೋಯ್ತು?" ಎಂದು ಗದರುತ್ತಿದ್ದಳು.

ಗಡ್ಡೆ ಹೋಯಿತು. ಆಮೇಲಿನ ತಿಂಗಳುಗಳಲ್ಲಿ ಅಕ್ಕನ ಕೆನ್ನೆ ದುಂಡಗಾಯಿತು, ಪಾದ ತುಂಬಿಕೊಂಡಿತು. ಬಳೆಗಾರ ಗುರುಶೆಟ್ಟಿ ಹಳೆಯ ಅಳತೆಯ ಬಳೆಯನ್ನು ಏರಿಸಲಾರದೆ ದೊಡ್ಡದನ್ನು ತೆಗೆದ. "ತಾಯಿ ಕೈಯಡುಗೆ ಅಂದ್ರೆ ಸುಮ್ನೇನಾ?" ಎಂದ. ಅವ್ವನಿಗೆ ಕಾಲು ನೆಲದ ಮೇಲೆ ನಿಲ್ಲಲಿಲ್ಲ. ನೆರೆಹೊರೆಯವರನ್ನು ಕರೆಕರೆದು ಮಗಳನ್ನು ತೋರಿಸಿದಳು. ಆಮೇಲೆ ದೃಷ್ಟಿ ತಗುಲೀತೆಂದು ಉಪ್ಪು, ಮೆಣಸಿನಕಾಯಿ ನಿವಾಳಿಸಿ ಒಲೆಗೆ ಹಾಕಿದಳು. ಅಕ್ಕನಿಗೆ ಬಚ್ಚಲಿಗೆ ಹೋಗಿ ಬರುವಷ್ಟರಲ್ಲಿ ಏದುಸಿರು ಬರುತ್ತಿತ್ತು. "ಮೈ ಭಾರ ಆಗದಲ್ಲ, ಅದ್ಕೇಯ" ಎಂದಳು ಅವ್ವ. ನಾವೆಲ್ಲ ತಲೆಯಾಡಿಸಿದೆವು. ಖುಷಿಯನ್ನು ಯಾರು ತಾನೇ ಡಾಕ್ಟರಿಗೆ ತೋರಿಸುತ್ತಾರೆ?

ಮಲಗಿದರೆ ಉಸಿರು ಕಟ್ಟುತ್ತದೆಂದು ಅಕ್ಕ ಗೋಡೆಗೊರಗಿ ಕೂತೇ ನಿದ್ದೆ ಮಾಡತೊಡಗಿದಾಗ ಆಸ್ಪತ್ರೆಗೆ ಹೋದೆವು. ಡಾಕ್ಟರು ಅವಳ ಕಾಲನ್ನು ಬೆರಳಿನಿಂದ ಒತ್ತಿ ಬಿಟ್ಟರು. ಒತ್ತಿದಲ್ಲಿ ಬಿದ್ದ ಗುಳಿ ಹಾಗೆಯೇ ಉಳಿಯಿತು.

"ಇದು ಮೈ ತುಂಬಿದ್ದಲ್ಲಮ್ಮ, ನೀರು ತುಂಬಿರೋದು" ಎಂದರು. "ಕ್ಯಾನ್ಸರ್ ಕೊಂದ ಔಷಧಿನೇ ಹೃದಯಕ್ಕೂ ಪೆಟ್ಟು ಕೊಟ್ಟಿದೆ. ಕೆಲವರಿಗೆ ಹೀಗಾಗುತ್ತೆ. ತುಂಬಾ ಸೋತಿದೆ. ಮಾತ್ರೆ ಕೊಡ್ತೀನಿ, ಆದ್ರೆ ಮೊದಲಿನ ಹಾಗೆ ಆಗೋದು ಕಷ್ಟ. ಉಪ್ಪು ತಿಂದಷ್ಟೂ ನೀರು ನಿಲ್ಲುತ್ತೆ, ಅದನ್ನ ಬಿಡಿಸಿ."

ಔಷಧಿ, ಹೃದಯ ಎಂಬ ಮಾತುಗಳು ಅವ್ವನ ಕಿವಿಗೆ ಬೀಳಲೇ ಇಲ್ಲ. ಬಿದ್ದದ್ದು ಉಪ್ಪು ಒಂದೇ. ಮನೆಗೆ ಬಂದವಳೇ ಜಾಡಿಗಳನ್ನೆಲ್ಲ ಹಿತ್ತಲಿನ ಗುಂಡಿಗೆ ಸುರಿದಳು. ಅಂದಿನಿಂದ ಮನೆಮಂದಿಗೆಲ್ಲ ಸಪ್ಪೆ ಊಟ. ನಾನು ಎಷ್ಟು ಸಲ ಬಿಡಿಸಿ ಹೇಳಿದರೂ, "ನನ್ ಕೈಯಾರೆ ಉಣ್ಸಿದ್ನಲ್ಲೇ" ಎನ್ನುವುದೊಂದೇ ಮಾತು.

ಮಾತ್ರೆಗೆ ನೀರು ಇಳಿಯಿತು. ಬಳೆಗಳು ಮತ್ತೆ ಜಾರತೊಡಗಿದವು, ಈ ಸಲ ಅಕ್ಕ ನಗಲಿಲ್ಲ. "ನಿನ್ನಿಂದ ಏನೂ ಆಗಿಲ್ಲ ಕನವ್ವ" ಎಂದು ಒಂದು ದಿನ ಅವ್ವನ ಕೈ ಹಿಡಿದುಕೊಂಡಳು. "ಯಾರ್ ಮನೆಯಿಂದಾನ ಒಂದೇ ಒಂದು ಮಿಡಿ ತಂದ್ಕೊಡು. ನಾಲ್ಗೆಗೆ ಮುಟ್ಟಿಸ್ಕತೀನಿ, ಅಷ್ಟೇ."

"ಕೇಳ್ಬ್ಯಾಡ ಮಗಾ" ಎಂದು ಅವ್ವ ಕೈ ಬಿಡಿಸಿಕೊಂಡು ಹಿತ್ತಲಿಗೆ ಹೋದಳು. ಅಕ್ಕ ಮತ್ತೆ ಕೇಳಲಿಲ್ಲ. ನೀರು ಪುನಃ ಏರಿತು, ಮಾತ್ರೆ ನಾಟಲಿಲ್ಲ. ಮಾವು ಹೂಬಿಡುವ ಹೊತ್ತಿಗೆ ಅವಳು ಹೋಗಿಬಿಟ್ಟಳು.

ಹನ್ನೊಂದನೆಯ ದಿನ ಎಡೆ ಇಡಲು ಅಕ್ಕನಿಗೆ ಇಷ್ಟವಾದದ್ದನ್ನೆಲ್ಲ ಅವ್ವನೇ ಬೇಯಿಸಿದಳು. ನೆಂಟರು ಹೊರಗೆ ಕಾಯುತ್ತಿದ್ದರು. ಒಲೆಯ ಮೇಲೆ ಸಾರು ಮರಳುತ್ತಿತ್ತು. ಪಕ್ಕದ ಮನೆಯಿಂದ ಇಸಿದುಕೊಂಡು ಬಂದ ಉಪ್ಪನ್ನು ಮುಷ್ಟಿಯಲ್ಲಿ ಹಿಡಿದು ಅವಳು ಅದರ ಮುಂದೆ ನಿಂತೇ ಇದ್ದಳು. ಬೆವರಿಗೆ ಕರಗಿದ ಉಪ್ಪು ಬೆರಳ ಸಂದಿನಿಂದ ತೊಟ್ಟಿಕ್ಕುತ್ತಿತ್ತು. ಕೊನೆಗೆ ನನ್ನ ಕಡೆ ತಿರುಗಿದಳು.

"ಈಗ ಹಾಕ್ಬೌದೇನೇ?" ಎಂದು ಕೇಳಿದಳು.