ಮಳೆ ಬರುವವರೆಗಿನ ಕೆಲಸ

ರಾಮಗಿರಿ ಸ್ಟೇಷನ್ನಿನ ಬೇಲಿಯಾಚೆ, ಹೊಂಗೆ ಮರದ ಪಕ್ಕದಲ್ಲಿ, ದಾಕ್ಷಾಯಣಮ್ಮನವರ ಅರವಟ್ಟಿಗೆ ಇತ್ತು. ಬೇಸಿಗೆಯಲ್ಲಿ ಹಾದು ಹೋಗುವವರಿಗೆಲ್ಲ ಅಲ್ಲಿ ಪುಕ್ಕಟೆ ನೀರು. ಅಲ್ಲಿ ನೀರು ಹೊಯ್ಯುವ ಕೆಲಸಕ್ಕೆ ನಾನು ಸೇರಿದ್ದು ಬಾಯಾರಿದವರ ಮೇಲಿನ ಕರುಣೆಯಿಂದಲ್ಲ. ರೈಲು ಬಂದಾಗ ಇಂಜಿನ್ ಆ ಚಪ್ಪರದ ಎದುರಿಗೇ ನಿಲ್ಲುತ್ತಿತ್ತು. ಅಷ್ಟೇ ಕಾರಣ.

ನಮ್ಮದು ಹೊಳಲ್ಕೆರೆಯಲ್ಲಿ ಎಣ್ಣೆಗಾಣ. ಇಪ್ಪತ್ತು ವರ್ಷ ತುಂಬುವವರೆಗೂ ನಾನು ಎತ್ತಿನ ಹಿಂದೆ ಸುತ್ತಿದ್ದೇ ಸುತ್ತಿದ್ದು. ಗಾಣದೆತ್ತು ಎಷ್ಟು ನಡೆದರೂ ಹೊಳಲ್ಕೆರೆಯಲ್ಲೇ ಇರುತ್ತದೆ. ಇಂಜಿನ್ ಹಾಗಲ್ಲವಲ್ಲ! ಬೆಳಿಗ್ಗೆ ಹುಬ್ಬಳ್ಳಿಯ ಹೊಗೆ ಕುಡಿದು ಬಂದು ಸಂಜೆಗೆ ಬೀರೂರು ದಾಟಿರುತ್ತದೆ. ಅದನ್ನು ಕಂಡಾಗಿನಿಂದ ನನಗೆ ಅನ್ನ ರುಚಿಸುತ್ತಿರಲಿಲ್ಲ. ಅಪ್ಪ ದೆವ್ವ ಬಡಿದಿದೆ ಎಂದು ತಾಯತ ಕಟ್ಟಿಸಿದ. ತಾಯತ ಕಟ್ಟಿಕೊಂಡೇ ಹರದಾರಿಗಟ್ಟಲೆ ದೂರದ ರಾಮಗಿರಿ ಸ್ಟೇಷನ್ನಿಗೆ ಓಡುತ್ತಿದ್ದೆ.

ಇಂಜಿನ್ ಓಡಿಸುತ್ತಿದ್ದ ಖಾದರ್ ಸಾಬರಿಗೆ ಕೊನೆಗೆ ನನ್ನ ಮೇಲೆ ಕನಿಕರ ಹುಟ್ಟಿತು.

"ನೋಡು ತಮ್ಮಾ, ನನ್ನ ಇದ್ದಲು ಹಾಕೋ ಹುಡುಗ ಕೆಲಸ ಬಿಡ್ತೀನಿ ಅಂತ ಕುಂತವ್ನೆ. ಅವನು ಇಳಿದ ದಿನ ಮೂರು ಸಲ ಸೀಟಿ ಹೊಡೀತೀನಿ. ಆಗ ನೀನು ಕಣ್ಣಿಗೆ ಬಿದ್ರೆ ಹತ್ತಿಸ್ಕೊಂತೀನಿ. ಬೀಳ್ಲಿಲ್ಲ ಅಂದ್ರೆ ಮುಂದಿನ ಸ್ಟೇಷನ್ನಾಗೆ ಇನ್ನೊಬ್ಬ ಸಿಕ್ತಾನೆ."

ಕಣ್ಣಿಗೆ ಬೀಳಬೇಕೆಂದರೆ ದಿನಾ ಅಲ್ಲೇ ಇರಬೇಕು. ಸುಮ್ಮನೆ ನಿಂತರೆ ಸ್ಟೇಷನ್ ಮಾಸ್ತರು ಓಡಿಸುತ್ತಿದ್ದರು. ಹಾಗಾಗಿ ಅರವಟ್ಟಿಗೆ.

ಯುಗಾದಿಯ ದಿನ ದಾಕ್ಷಾಯಣಮ್ಮ ಹೊಸ ಕೊಡಗಳಿಗೆ ವಿಭೂತಿ ಬಳಿದು ಪೂಜೆ ಮಾಡಿದರು. ಗಂಡ ತೀರಿಕೊಂಡ ಮೇಲೆ ಅವರ ಹೆಸರಿನಲ್ಲಿ ನಡೆಸುತ್ತಿದ್ದ ಅರವಟ್ಟಿಗೆ ಅದು. ಎತ್ತರದ ಹೆಂಗಸು, ಗಂಟಲು ಅದಕ್ಕಿಂತ ಎತ್ತರ. ಊರಿನ ಗೌಡರೂ ಅವರೆದುರು ದನಿ ತಗ್ಗಿಸುತ್ತಿದ್ದರು.

"ಕೊಡ ಮುಟ್ಟಿ ಹೇಳಪ್ಪ. ಮೊದಲ ಮಳೆಗೆ ಚಪ್ಪರ ತೊಟ್ಟಿಕ್ಕೋವರ್ಗೂ ಯಾರನ್ನೂ ಬರೀ ಬಾಯಾಗೆ ಕಳಿಸಲ್ಲ ಅಂತ."

ಮಳೆ ಬಂದ ದಿನ ಕೊಡಗಳನ್ನು ಬೋರಲು ಹಾಕಿ, ಅಲ್ಲಿಯವರೆಗೆ ನಿಂತವನಿಗೆ ಹೊಸ ದೋತ್ರ, ಹೋಳಿಗೆ ಕೊಡುವುದು ಪದ್ಧತಿ. ನಡುವೆ ಕೊಡ ಬಿಟ್ಟು ಹೋದರೆ? ಮಳೆಯೂ ಊರು ಬಿಟ್ಟು ಹೋಗುತ್ತದೆ ಎನ್ನುತ್ತಿದ್ದರು. ನಾನು ಕೊಡ ಮುಟ್ಟಿ ಹೇಳಿಯೇ ಬಿಟ್ಟೆ. ಮಳೆ ಮೊದಲೋ ಸೀಟಿ ಮೊದಲೋ, ಶಿವನೇ ನೋಡಿಕೊಳ್ಳಲಿ ಎಂದುಕೊಂಡೆ.

ಆಹಾ, ಆ ದಿನಗಳು! ರೈಲು ಬರುವುದು ಮಾಸ್ತರಿಗಿಂತ ಮೊದಲು ನನಗೇ ತಿಳಿಯುತ್ತಿತ್ತು. ಬಾಯ್ತನಕ ತುಂಬಿದ ಕೊಡಗಳಲ್ಲಿ ನೀರು ಸಣ್ಣಗೆ ನಡುಗುತ್ತಿತ್ತು. ಅದರೊಂದಿಗೆ ನನ್ನ ಎದೆಯೂ. ಆಮೇಲೆ ಬೆಟ್ಟದ ಕಡೆಯಿಂದ ಹೊಗೆ, ಆಮೇಲೆ ಸೀಟಿ. ಒಂದೇ ಸೀಟಿ. ಇವತ್ತಲ್ಲ ಬಿಡು, ನಾಳೆ ಎಂದು ಗಿಂಡಿ ಎತ್ತಿಕೊಳ್ಳುತ್ತಿದ್ದೆ. ಬೊಗಸೆಯೊಡ್ಡಿದವರಿಗೆ ಹೊಯ್ಯುತ್ತಲೇ ಇಂಜಿನ್ನಿನ ಹೊಟ್ಟೆಯೊಳಗಿನ ಬೆಂಕಿಯನ್ನು ನೋಡುತ್ತಿದ್ದೆ.

"ಲೇ ಸಿದ್ದಪ್ಪಾ, ಕಣ್ಣು ಇಂಜಿನ್ ಮ್ಯಾಲೆ, ನೀರು ಅವರ ಅಂಗಿ ಮ್ಯಾಲೆ!" ಎಂದು ದಾಕ್ಷಾಯಣಮ್ಮ ಬೈಯುತ್ತಿದ್ದರು. ಸೋಮವಾರ ಸೋಮವಾರ ಅವರು ತಾವೇ ಬಂದು ಕೊಡಗಳಿಗೆ ಪೂಜೆ ಮಾಡಿ, ಸೋಸುವ ಬಟ್ಟೆ ಮಡಿಯಾಗಿದೆಯೋ ಇಲ್ಲವೋ ನೋಡಿ ಹೋಗುತ್ತಿದ್ದರು.

ಅಂಥದೇ ಒಂದು ಸೋಮವಾರ ಕೊಡದ ನೀರು ನಡುಗಿತು. ಹೊಗೆ ಕಂಡಿತು. ಸೀಟಿ ಕೇಳಿತು. ಒಂದು. ಎರಡು. ಮೂರು!

ನನಗೆ ಕುಣಿಯುವಂತಾಯಿತು. ಆಕಾಶ ನೋಡಿದರೆ ಒಂದು ಬೆಳ್ಮುಗಿಲೂ ಇಲ್ಲ.

ಆವತ್ತೇ ಮಾರಿಕಣಿವೆಯ ಅಣೆಕಟ್ಟೆಗೆ ಹೋಗುವ ಕೂಲಿಯವರು ರೈಲಿನ ತುಂಬ. ಅವರು ಇಳಿಯಬೇಕಾದದ್ದು ಮುಂದಿನ ಹೊಸದುರ್ಗ ಸ್ಟೇಷನ್ನಿನಲ್ಲಿ, ಆದರೆ ನೀರು ಕಂಡವರೇ ಬೇಲಿ ಹಾರಿ ಬಂದರು. ಮುಂದೆ ಬೊಗಸೆಗಳೇ ಬೊಗಸೆ. ಒಬ್ಬ ಮುಖ ಎತ್ತುವಷ್ಟರಲ್ಲಿ ಇಬ್ಬರು ಬಗ್ಗುತ್ತಿದ್ದರು.

"ಬಾರೋ ಸಿದ್ದಪ್ಪಾ!" ಖಾದರ್ ಸಾಬರು ಇಂಜಿನ್ನಿನಿಂದ ಅರ್ಧ ಹೊರಗೆ ಬಾಗಿ ಕೂಗಿದರು. "ಹುಡುಗ ಇಳಿದು ಹೋದ! ಜಲ್ದಿ ಬಾ!"

ಬಂದೆ ಎನ್ನಲು ಬಾಯಿ ತೆರೆದೆ. ಆದರೆ ಎದುರಿಗೆ ಮುದುಕನೊಬ್ಬ ಕಣ್ಣು ಮುಚ್ಚಿ ಕುಡಿಯುತ್ತಿದ್ದ. ಅವನ ಬೊಗಸೆಗೆ ಬೀಳುತ್ತಿದ್ದ ಧಾರೆಯನ್ನು ಹೇಗೆ ನಿಲ್ಲಿಸುವುದು? ಇದೊಬ್ಬನದು ಮುಗಿಯಲಿ ಎಂದುಕೊಂಡೆ. ಅವನು ಸಾಕೆಂದು ತಲೆಯಾಡಿಸಿದ, ಆ ಜಾಗಕ್ಕೆ ಇನ್ನೊಬ್ಬ ಬಂದ. ನನಗೆ ಅಳುವೇ ಬಂತು. ಗಿಂಡಿ ನೆಲಕ್ಕೆ ಕುಕ್ಕಿ ಓಡಲು ಕಾಲು ಸಿದ್ಧವಿತ್ತು, ಕೈ ಮಾತ್ರ ಕೇಳಲಿಲ್ಲ.

"ಯಾಕೋ ಸಾಬ್ರು ನಿನ್ನ ಕರೀತಾ ಅವ್ರೆ?" ದಾಕ್ಷಾಯಣಮ್ಮ ಹಿಂದೆಯೇ ನಿಂತಿದ್ದರು.

ಹೊಯ್ಯುತ್ತಲೇ ಎಲ್ಲ ಒದರಿಬಿಟ್ಟೆ. ಇಂಜಿನ್ನಿನ ಕೆಲಸ, ಮೂರು ಸೀಟಿ, ಎಲ್ಲ. ಅವರ ಮುಖ ಕೆಂಪೇರಿತು.

"ಉಗಾದಿ ದಿನಾನೇ ಇದು ಗೊತ್ತಿತ್ತೇನೋ?"

"ಗೊತ್ತಿತ್ತಮ್ಮಾ."

"ಮತ್ತೆ ಕೊಡ ಮುಟ್ಟಿ ಹೇಳಿದ್ಯಲ್ಲೋ, ಕಳ್ಳ ನನ ಮಗನೆ!"

"ಮಳೆ ಮೊದಲು ಬರ್ತೈತೆ ಅಂದ್ಕಂಡಿದ್ದೆ ಕಣಮ್ಮಾ."

ಗಾರ್ಡು ಹಸಿರು ಬಾವುಟ ಬಿಚ್ಚಿದ. ಕುಡಿದವರು ಡಬ್ಬಿಗಳತ್ತ ಓಡುತ್ತಿದ್ದರು, ಕುಡಿಯದವರು ಇನ್ನೂ ನಿಂತಿದ್ದರು. ದಾಕ್ಷಾಯಣಮ್ಮ ನನ್ನ ಕೈಯಿಂದ ಗಿಂಡಿಯನ್ನು ಕಿತ್ತುಕೊಂಡರು. ತಲೆಗೆ ಬಿತ್ತು ಅಂತಲೇ ಕಣ್ಣು ಮುಚ್ಚಿದೆ. ಅವರು ಕೊಡದಲ್ಲಿ ಗಿಂಡಿ ಅದ್ದಿ, ಚಪ್ಪರದ ಮೇಲಕ್ಕೆ ರಪ್ಪನೆ ಎರಚಿದರು. ಒಂದಲ್ಲ, ಎರಡು ಸಲ. ತೆಂಗಿನ ಗರಿಗಳ ಸಂದಿನಿಂದ ನೀರು ನನ್ನ ನೆತ್ತಿಯ ಮೇಲೆ, ಕೂಲಿಯವರ ರುಮಾಲುಗಳ ಮೇಲೆ ತೊಟ್ಟಿಕ್ಕಿತು.

"ತೊಟ್ಟಿಕ್ತಲ್ಲ? ಇನ್ನೇನು ಮಕ ನೋಡ್ತೀಯಾ? ಓಡು!"

ಓಡಿದೆ. ಹೇಗೆ ಬೇಲಿ ಹಾರಿದೆನೋ, ಖಾದರ್ ಸಾಬರು ನನ್ನ ರಟ್ಟೆ ಹಿಡಿದು ಹೇಗೆ ಮೇಲಕ್ಕೆಳೆದುಕೊಂಡರೋ, ಒಂದೂ ನೆನಪಿಲ್ಲ. ತಿರುಗಿ ನೋಡಿದಾಗ ಜನ್ಮದಲ್ಲಿ ಕೊಡ ಹೊರದ ಆ ಹೆಂಗಸು ಸೆರಗು ಸಿಕ್ಕಿಸಿಕೊಂಡು ನೀರು ಹೊಯ್ಯುತ್ತಿದ್ದರು. "ಬೊಗಸೆ ನೆಟ್ಟಗೆ ಹಿಡಿಯೋ!" ಎಂಬ ಕೂಗು ಇಂಜಿನ್ನಿನ ಸದ್ದನ್ನೂ ಮೀರಿ ಕೇಳಿತು. ನಾನು ಹಾಕಿದ ಮೊದಲ ಸಲಿಕೆ ಇದ್ದಲು ಬೆಂಕಿಗೆ ಬೀಳದೆ ಸಾಬರ ಕಾಲ ಮೇಲೆ ಬಿತ್ತು.

ನನ್ನ ಖುಷಿಗೆ ಪಾರವಿರಲಿಲ್ಲ. ಮುಖ ಸುಟ್ಟು, ಹುಬ್ಬು ಸೀದು, ಆದರೂ ಹಾಡಿಕೊಳ್ಳುತ್ತಿದ್ದೆ. ಆಕಾಶ ನೋಡಿದಾಗ ಮಾತ್ರ ಹಾಡು ನಿಂತುಹೋಗುತ್ತಿತ್ತು. ಮಳೆ ಬರಲಿಲ್ಲ. ರಾಮಗಿರಿಯಲ್ಲಿ ನಿಂತಾಗಲೆಲ್ಲ ಚಪ್ಪರದಡಿ ದಾಕ್ಷಾಯಣಮ್ಮನೇ. ನನ್ನ ಬದಲಿಗೆ ಯಾರನ್ನೂ ಇಟ್ಟಿರಲಿಲ್ಲ. ನನ್ನತ್ತ ತಿರುಗಿಯೂ ನೋಡುತ್ತಿರಲಿಲ್ಲ.

ಕೊನೆಗೊಂದು ದಿನ ಬೀರೂರಿನಿಂದ ಬರುವಾಗ ಅಜ್ಜಂಪುರದ ಹತ್ತಿರ ಗುಡುಗಿತು. ದಪ್ಪ ಹನಿಗಳು ಕಾದ ಇಂಜಿನ್ನಿನ ಮೇಲೆ ಬಿದ್ದು ಚುರ್ ಎಂದು ಆವಿಯಾದವು. "ಬಂತು! ಬಂತು!" ಎಂದು ಕಿರುಚಿದೆ. ಖಾದರ್ ಸಾಬರು ನಕ್ಕು ಸೀಟಿಯ ಹಗ್ಗವನ್ನು ನನ್ನ ಕೈಗೇ ಕೊಟ್ಟರು. ರಾಮಗಿರಿಯವರೆಗೂ ಮಳೆ ಬಿಡಲಿಲ್ಲ.

ಕೊಡಗಳು ಬೋರಲು ಬಿದ್ದಿದ್ದವು. ಬೇಲಿಯ ಬಳಿ ದಾಕ್ಷಾಯಣಮ್ಮ ನೆನೆಯುತ್ತಾ ನಿಂತಿದ್ದರು. ನಾನು ಇಳಿದು ಓಡಿದೆ. ಅವರು ಸೆರಗಿನ ಮರೆಯಿಂದ ಹೊಸ ದೋತ್ರ ತೆಗೆದರು, ಮುತ್ತುಗದೆಲೆಯ ಪೊಟ್ಟಣ ತೆಗೆದರು. ಬಾವಿಯ ಹಗ್ಗ ಎಳೆದೆಳೆದು ಅವರ ಅಂಗೈ ತುಂಬ ಬೊಬ್ಬೆ ಎದ್ದಿತ್ತು. ಅದನ್ನು ನೋಡಿ ಚಾಚಿದ ಕೈಯನ್ನು ಹಿಂದಕ್ಕೆಳೆದುಕೊಂಡೆ.

"ಬ್ಯಾಡಮ್ಮಾ. ಇದು ಮಳೆ ಬರೋವರ್ಗೂ ನಿಂತೋರಿಗೆ. ನಾನೆಲ್ಲಿ ನಿಂತೆ?"

"ನಿಂತೋಳು ನಾನೇ ಕಣಲೇ," ಎಂದು ದಾಕ್ಷಾಯಣಮ್ಮ ದೋತ್ರವನ್ನು ನನ್ನ ಮಸಿಗೈಗೆ ತುರುಕಿದರು. "ಅದ್ಕೇ ಈಗ ದೋತ್ರನೂ ನಾನೇ ಉಟ್ಕಬೇಕೇನು?"