ಬ್ರಿಸ್ಟರ್ ಒಬ್ಬನೋ ಇಬ್ಬರೋ

ಕ್ಷಮಿಸಬೇಕು, ಇದನ್ನು ಹೇಳುವಷ್ಟು ಓದಿದವಳಲ್ಲ ನಾನು, ಎಂದೇ ಶುರು ಮಾಡಲೇ, ಹಾಗೆಂದರೆ ಮತ್ಯಾಕೆ ಎದ್ದು ನಿಂತೆ ಅನ್ನುತ್ತಾರೋ ಏನೋ — ಮೈಕು ಕೀಚೆಂದಿತು, ಇನ್ನೂ ನನ್ನ ಸರದಿ ಅಲ್ಲ, ಪುರಸಭೆಯ ಹೀಟರು ಟಕಟಕ ಅನ್ನುತ್ತಿದೆ, ಕೋಣೆ ಮಾತ್ರ ಬೆಚ್ಚಗಾಗುವುದಿಲ್ಲ, ಆಸ್ಪತ್ರೆಯ ಬಟ್ಟೆ ಒಗೆದು ನೇರ ಬಂದೆ, ಬೂಟಿನೊಳಗೆ ಕಾಲು ಊದಿದೆ, ಮುಂದಿನ ಸಾಲಿನಲ್ಲಿ ಡಾರ್ಕಸ್ ಅತ್ತೆಯ ನೇರಳೆ ಟೋಪಿ, ತೊಂಬತ್ತು ದಾಟಿದ ಜೀವ, ಈ ಚಳಿಯಲ್ಲಿ ಬೇಡ ಎಂದರೆ ಕೇಳಿದಳೇ, ನಮ್ಮ ಬ್ರಿಸ್ಟರಜ್ಜಂಗೆ ಕಲ್ಲು ನೆಡೋ ಮಾತಾಡ್ತಾರೆ, ನಾನು ಮನೇಲಿ ಕೂತು ಸೂಪು ಕುಡೀಲೇನೆ ವರ್ನಾ. ಚರ್ಚಿನ ಹಿಂದಿನ ಸಮಾಧಿಗೆ ಈಗಿರುವುದು ಹೊಲದಿಂದ ಎತ್ತಿ ತಂದ ಒಂದು ಬರಿಗಲ್ಲು, ಅಕ್ಷರವಿಲ್ಲ, ಗುಲಾಮರಾಗಿದ್ದ ನಮ್ಮವರಿಗೆ ಆಗ ಅಷ್ಟೇ ಸಿಗುತ್ತಿದ್ದದ್ದು, ಈಗ ಪುರಸಭೆಯ ಈ ಸಮಿತಿ ಹೆಸರು ಕೆತ್ತಿದ ಕಲ್ಲು ಕೊಡುತ್ತದಂತೆ, ಇನ್ನೂರೈವತ್ತು ವರ್ಷದ ಹಿಂದೆ ಈ ದೇಶದ ಸ್ವಾತಂತ್ರ್ಯ ಯುದ್ಧದಲ್ಲಿ ಬ್ರಿಟಿಷರ ವಿರುದ್ಧ ಹೋರಾಡಿದ ಸಿಪಾಯಿ ಎಂದು, ಅಲ್ಲಿ ಮಲಗಿದವನು ಯಾರೆಂದು ನಾನು ಖಚಿತವಾಗಿ ಹೇಳಿದರೆ, ನಾನು, ಸಂಜೆ ತರಗತಿಯಲ್ಲಿ ಹಳೆಯ ಸೈನ್ಯದ ಪಟ್ಟಿ ಓದಲು ಕಲಿತವಳು. ಯುದ್ಧದ ನಡುವಿನ ಪಟ್ಟಿಯಲ್ಲಿ ಒಬ್ಬ ಬ್ರಿಸ್ಟರ್, ಬಣ್ಣ ಕಪ್ಪು, ಯುದ್ಧ ಮುಗಿಯುವ ಹೊತ್ತಿನದರಲ್ಲಿ ಒಬ್ಬ ಬ್ರಿಸ್ಟರ್, ನ್ಯಾರಗಾನ್ಸೆಟ್ ಮೂಲನಿವಾಸಿ, ಊರು ಒಂದೇ, ಎತ್ತರ ಒಂದೇ, ಕಲ್ಲುಗೋಡೆ ಕಟ್ಟುವ ಕಸುಬೂ ಒಂದೇ. ಕಪ್ಪು ಬಣ್ಣದವನು ನಮ್ಮವನು ಎಂದು ನಾವು, ನ್ಯಾರಗಾನ್ಸೆಟ್‌ನವನು ನಮ್ಮವನು, ಸಮಾಧಿ ಅವನದೇ ಎಂದು ಎಲ್‌ವುಡ್ ಅಣ್ಣನ ಮನೆಯವರು, ಇದರಿಂದ ವರ್ಷವರ್ಷದ ಆಗಸ್ಟ್ ಕೂಟದ ಊಟಕ್ಕೆ ಇಂದಿಗೂ ಎರಡು ಮೇಜು, ಎರಡು ಪಾತ್ರೆ ಚಿಪ್ಪುಮೀನಿನ ಸಾರು. ನಾನೂ ಎರಡು ಚಳಿಗಾಲ ಕಾಗದಗಳನ್ನು ಬಣ್ಣದ ಪ್ರಕಾರವೇ ಬೇರೆ ಬೇರೆ ಇಟ್ಟೆ, ಅತ್ತೆ ನೋಡಿ ನಕ್ಕಳು, ಅಯ್ಯೋ ಪೆದ್ದಿ, ಬೇಸಿಗೆ ಮುಗಿದಾಗ ಬಿಸಿಲಿಗೆ ಯಾರು ಹೆಚ್ಚು ಕಪ್ಪಾದ್ರು ಅಂತ ನಮ್ಮ ಮಕ್ಕಳು ತೋಳಿಗೆ ತೋಳು ಹಚ್ಚಿ ನೋಡ್ಕೊಳ್ಳಲ್ವಾ, ಬಿಸಿಲಿಲ್ಲದ ಫೆಬ್ರವರಿಯಲ್ಲಿ ನಾನು ಎಲ್‌ವುಡ್ ಮನೆಯವಳು, ಬಿಸಿಲು ತಿಂದ ಆಗಸ್ಟಲ್ಲಿ ನಮ್ಮ ಮನೆಯವಳು, ಪಟ್ಟಿ ಬರೆಯೋನು ಯಾವ ತಿಂಗಳು ನೋಡಿದ್ನೋ ಆ ಬಣ್ಣ. ಅಂದಿನಿಂದ ನನ್ನನ್ನು ಬಿಟ್ಟಿಲ್ಲ ಆ ಚಿತ್ರ, ಮೇಜಿನ ಹಿಂದೆ ಸೈನ್ಯದ ಗುಮಾಸ್ತ, ಎದುರಿಗೆ ಒಬ್ಬ ನಿಂತಿದ್ದಾನೆ, ಗುಮಾಸ್ತ ಒಮ್ಮೆ ತಲೆ ಎತ್ತುತ್ತಾನೆ, ನೋಡುತ್ತಾನೆ, ತಗ್ಗಿಸಿ ಬರೆಯುತ್ತಾನೆ.

ಎರಡು ಪಟ್ಟಿಯಲ್ಲೂ ಇರುವವನು ಒಬ್ಬನೇ ಇರಬೇಕು. ಆದರೆ ಆ ಗುಲಾಮರ ಒಡೆಯರಿಗೆ ಹೆಸರುಗಳ ಬಡತನ, ಅವರ ಹೊಲದಲ್ಲಿ ಹುಟ್ಟಿದ ಕೂಸುಗಳಿಗೆಲ್ಲ ಬ್ರಿಸ್ಟರ್, ಪಕ್ಕದ ಹೊಲದಲ್ಲೂ ಬ್ರಿಸ್ಟರ್, ಕಲ್ಲುಗೋಡೆ ಕಟ್ಟದವರು ಇಲ್ಲಿ ಯಾರಿದ್ದರು, ಎತ್ತರವೇನು, ನನ್ನಷ್ಟೇ ಎತ್ತರದವರು ಈ ಕೋಣೆಯಲ್ಲೇ ನಾಲ್ವರಿದ್ದಾರೆ, ಹೋಲಿಕೆಯನ್ನು ಪುರಾವೆ ಅಂದ್ಕೋಬೇಡಿ, ಸಂಜೆ ತರಗತಿಯ ಮೇಡಂ ಹೇಳಿದ್ದರು, ನಾನು ಬರೆದುಕೊಂಡು ಅಡಿಗೆರೆ ಎಳೆದಿದ್ದೆ, ಅಡಿಗೆರೆ ಎಳೆಯುವುದರಲ್ಲಿ ನಾನು ಗಟ್ಟಿ — ಹಿಂದಿನಿಂದ ಎಲ್‌ವುಡ್ ಅಣ್ಣ ಬಗ್ಗಿದ, ಬಾಯಲ್ಲಿ ಪುದೀನಾ ಪೆಪ್ಪರಮೆಂಟು, ಒಬ್ನೇ ಅಂದ್ಬಿಡು ತಂಗಿ, ನಿಮ್ಮ ಅತ್ತೆ ಜೊತೆ ಜಗಳಾಡಿ ನಂಗೂ ಸಾಕಾಗಿದೆ, ಒಂದೇ ಮೇಜು ಹಾಕೋಣ, ಆದ್ರೆ ಸಾರು ಮಾತ್ರ ನಮ್ಮನೇದು, ನಿಮ್ಮದು ಬರೀ ನೀರು. ಅತ್ತೆಗೆ ಕೇಳಿಸಿತು, ತಿರುಗದೆಯೇ, ನಿಮ್ಮದರಲ್ಲಿ ಚಿಪ್ಪು ಬಿಟ್ರೆ ಮೀನೆಲ್ಲೋ. ನಕ್ಕಳು. ಇವನೊಂದಿಗೆ ಅವಳು ನಕ್ಕಿದ್ದನ್ನು ನಾನು ಕಂಡಿದ್ದೇ ಇಲ್ಲ. ಮೇ ತಿಂಗಳಿಗೆ ಕಲ್ಲು ನೆಡುತ್ತಾರಂತೆ, ಅಲ್ಲಿವರೆಗಾದರೂ ಅತ್ತೆ ಇರುತ್ತಾಳಾ ಎಂದು ಡಾಕ್ಟರನ್ನು ಕೇಳಿದರೆ ಅವರು ಕಿಟಕಿ ನೋಡಿದರು. ಒಂದು ಮಾತು, ಒಬ್ಬನೇ, ಯಾರಿಗೂ ನಷ್ಟವಿಲ್ಲ, ಆ ಇನ್ನೊಬ್ಬನಿಗೆ ಬಿಟ್ಟರೆ, ಇನ್ನೊಬ್ಬ ಇದ್ದಿದ್ದರೆ, ಅವನೂ ಆ ಯುದ್ಧಕ್ಕೆ ಬರಿಗಾಲಲ್ಲಿ ನಡೆದವನೇ, ಅವನನ್ನು ನಾನೇ ಅಳಿಸಿದ ಹಾಗೆ — ವರ್ನಾ ಅವರೇ, ನಿಮ್ಮ ಸರದಿ, ಎದ್ದೆ, ಮೊಣಕಾಲು ಕಟಕ್ಕೆಂದಿತು, ಒಬ್ಬನೋ ಇಬ್ಬರೋ ತಿಳಿಸಿ, ಅಧ್ಯಕ್ಷರು ತಲೆ ಎತ್ತಿ ನನ್ನನ್ನೇ ನೋಡಿದರು, ಆ ಗುಮಾಸ್ತನ ಹಾಗೆಯೇ, ಪೆನ್ನು ಕೈಯಲ್ಲಿ, ಹೋಲಿಕೆ ಇದೆ ಸರ್, ಖಚಿತ ಇಲ್ಲ, ನನಗೆ ಗೊತ್ತಿಲ್ಲ, ಮೈಕು ಅದನ್ನೇ ದೊಡ್ಡದು ಮಾಡಿ ಗೋಡೆಗೆ ಬಡಿಯಿತು, ಪೆಪ್ಪರಮೆಂಟು ಕಟುಂ ಎಂದು ಮುರಿಯಿತು, ನೇರಳೆ ಟೋಪಿ ಅಲುಗಲಿಲ್ಲ, ಅತ್ತೇ, ಒಂದು ಸಲ ತಿರುಗು, ಬೈದಾದರೂ ಬೈ — ಗುಮಾಸ್ತ ತಲೆ ಎತ್ತುತ್ತಾನೆ, ನೀನು ಯಾರೆಂದು ಕೇಳಿದನೋ, ಸುಮ್ಮನೆ ನೋಡಿ ಬರೆದನೋ, ಎದುರಿಗೆ ನಿಂತವನು ಏನಾದರೂ ಹೇಳಿದನೋ, ಗೊತ್ತಿಲ್ಲ, ಗುಮಾಸ್ತ ತಲೆ ಎತ್ತುತ್ತಾನೆ